ಅಣುಸ್ಥಾವರದ ಕೊಳೆನೀರು: ಬಾಂಬು ಬೇಕಿಲ್ಲ, ಕೆಟ್ಟ ವಾಲ್ವ್ ಸಾಕು!

2003ರ ಜನವರಿ 21. ತಮಿಳುನಾಡಿನ ಕಲ್ಪಾಕ್ಕಂ. ಅಣುಸ್ಥಾವರದಲ್ಲಿ ಉರಿದು ಹೊರಬಂದ ಇಂಧನವನ್ನು ಆಸಿಡ್‌ನಲ್ಲಿ ಕರಗಿಸಿ ಪ್ಲುಟೋನಿಯಂ ಬೇರ್ಪಡಿಸುವ ಕಾರ್ಖಾನೆಯೊಂದು ಅಲ್ಲಿದೆ. ಈ ಕೆಲಸದಲ್ಲಿ ಹುಟ್ಟುವ ಕೊಳೆನೀರಿನಲ್ಲಿ ಸಾಧು ನೀರೂ ಉಂಟು, ಉಗ್ರ ನೀರೂ ಉಂಟು. ಸಾಧು ನೀರಿನ ಹತ್ತಿರ ಎಚ್ಚರಿಕೆಯಿಂದ ಓಡಾಡಬಹುದು. ಉಗ್ರ ನೀರಿನ ಮುಂದೆ ದಪ್ಪ ಗೋಡೆಯ ಮರೆ ಇಲ್ಲದೆ ನಿಲ್ಲುವಂತೆಯೇ ಇಲ್ಲ. ಆ ದಿನ ಕೆಲವು ನೌಕರರು ಸಾಧು ನೀರಿನ ಟ್ಯಾಂಕಿನಿಂದ ಸ್ಯಾಂಪಲ್ ತೆಗೆಯಲು ಹೋದರು. ದಿನಾ ಮಾಡುವ ಕೆಲಸ. ಆದರೆ ಅಷ್ಟರಲ್ಲಿ ಒಂದು ವಾಲ್ವ್ ಕೈಕೊಟ್ಟು ಉಗ್ರ ನೀರು ಸಾಧು ನೀರಿನೊಳಕ್ಕೆ ನುಗ್ಗಿಯಾಗಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಶುರುವಾಗಿ ಐದೇ ವರ್ಷವಾಗಿದ್ದ ಆ ಕಾರ್ಖಾನೆಯ ಆ ಜಾಗದಲ್ಲಿ ವಿಕಿರಣ ಅಳೆಯುವ ಮೀಟರೂ ಇರಲಿಲ್ಲ, ವಾಲ್ವ್ ಕೆಟ್ಟಿದೆ ಎಂದು ಕೂಗುವ ಗಂಟೆಯೂ ಇರಲಿಲ್ಲ. ಸ್ಯಾಂಪಲ್ ಪರೀಕ್ಷೆಗೆ ಹೋದಮೇಲೆಯೇ ತಾವು ಕೈಯಲ್ಲಿ ಹಿಡಿದು ತಂದದ್ದು ಏನು ಎನ್ನುವುದು ತಿಳಿದದ್ದು.

ಆರು ಮಂದಿಗೆ ಬಿದ್ದ ವಿಕಿರಣ 280ರಿಂದ 420 ಮಿಲಿಸೀವರ್ಟ್. ಈ ಲೆಕ್ಕ ತಲೆಗೆ ಹತ್ತಬೇಕಾದರೆ ಇದನ್ನು ನೆನಪಿಡಿ: ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿ ಅಣು ನೌಕರನಿಗೆ ಹಾಕಿರುವ ಗೆರೆ ಯಾವುದೇ ಒಂದು ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷಕ್ಕೆ ಒಟ್ಟು 100. ಐದು ವರ್ಷದ ಗೆರೆಯ ಹೆಚ್ಚುಕಡಿಮೆ ಮೂರು ನಾಲ್ಕು ಪಟ್ಟು ಒಂದೇ ಸ್ಯಾಂಪಲಿನಲ್ಲಿ ಬಂತು!

ಮುಂದಿನದು ನಮ್ಮ ದೇಶದ ಮಾಮೂಲಿ ನಾಟಕ. ಮೂರೇ ದಿನದಲ್ಲಿ ನೌಕರರ ಸಂಘ ಹತ್ತು ಬೇಡಿಕೆಗಳ ಪತ್ರ ಬರೆಯಿತು. ಪೂರ್ಣಾವಧಿ ಸುರಕ್ಷತಾ ಅಧಿಕಾರಿ ಬೇಕು ಎನ್ನುವುದು ಅವುಗಳಲ್ಲಿ ಒಂದು. ಉತ್ತರ ಬರಲಿಲ್ಲ. ಮುಷ್ಕರ ಹೂಡಿದರು. ಮುಂದಾಳುಗಳಿಗೆ ವರ್ಗಾವಣೆಯ ಕಾಗದ ಬಂತು. ನೌಕರರು ಎದೆಗೆ ಬ್ಯಾಡ್ಜ್ ಹಾಕಿರಲಿಲ್ಲ ಎಂದು ಆಡಳಿತದವರು ಗೂಬೆ ಕೂರಿಸಿದರು. ಸ್ವಾಮಿ, ಆ ಬ್ಯಾಡ್ಜ್ ವಿಕಿರಣವನ್ನು ತಡೆಯುವುದಿಲ್ಲ, ಎಷ್ಟು ಬಿತ್ತು ಅಂತ ಆಮೇಲೆ ಲೆಕ್ಕ ಕೊಡುತ್ತದೆ ಅಷ್ಟೆ. ಕೊರಳಲ್ಲಿ ಥರ್ಮಾಮೀಟರ್ ನೇತುಹಾಕಿಕೊಂಡರೆ ಜ್ವರ ಬರುವುದು ನಿಲ್ಲುತ್ತದೆಯೇ? ಆರೇಳು ತಿಂಗಳು ಉರುಳಿ, ಪತ್ರಿಕೆಗಳಲ್ಲಿ ಸುದ್ದಿ ಹೊರಬಿದ್ದ ಮೇಲೆ, ಆಗಸ್ಟ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರೇ ಇದು ಭಾರತದ ಅಣು ಇತಿಹಾಸದಲ್ಲಿ ವಿಕಿರಣ ತಗುಲಿದ ಅತಿ ಕೆಟ್ಟ ಅಪಘಾತ ಎಂದು ಒಪ್ಪಿಕೊಂಡರು. ಇಷ್ಟಕ್ಕೂ ಈ ಕಾರ್ಖಾನೆ ಆ ಕೇಂದ್ರದ್ದೇ. ಆ ಕೇಂದ್ರದ ಘಟಕಗಳನ್ನು 2000ನೇ ಇಸವಿಯಲ್ಲಿ ನಿಯಂತ್ರಣ ಮಂಡಳಿಯ ಕಣ್ಗಾವಲಿನಿಂದಲೇ ಹೊರಗಿಡಲಾಗಿತ್ತು. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗೆ.

ಅಣು ಎಂದಕೂಡಲೆ ನಮ್ಮ ಹುಡುಗರ ಕಣ್ಣಮುಂದೆ ಬರುವುದು ಹಿರೋಷಿಮಾ, ಚೆರ್ನೊಬಿಲ್, ನಾಯಿಕೊಡೆಯಂಥ ಹೊಗೆ. ಅಣು ಪರವಾದಿಗಳೂ ವಿರೋಧಿಗಳೂ ಬಡಿದಾಡುವುದು ರಿಯಾಕ್ಟರ್ ಎಂಬ ದೊಡ್ಡ ಗುಮ್ಮಟದ ಸುತ್ತಲೇ. ನಾನು ಹೇಳಹೊರಟಿರುವುದು ಅದರ ಹಿತ್ತಿಲಿನ ಕತೆ. ಕೊಳೆನೀರನ್ನು ತೊಳೆದು ಸೋಸುವ ಜಾಗದ ಕತೆ. ಅಲ್ಲಿ ಕೆಟ್ಟದ್ದು ಆಗುವುದು ಸ್ಫೋಟದಿಂದ ಅಲ್ಲ, ವಾಲ್ವಿನಿಂದ, ವಾಷರಿನಿಂದ, ಜಾರಿದ ಪೈಪಿನಿಂದ. ಅದನ್ನು ತಡೆಯುವ ವಿದ್ಯೆಯೂ ಬ್ರಹ್ಮವಿದ್ಯೆಯಲ್ಲ. ಗೊತ್ತಿದ್ದೂ ಮಾಡದಿರುವುದೇ ಇಲ್ಲಿನ ರೋಗ.

ನಾನು ಪಿಯುಸಿಗೆ ಪುಸ್ತಕ ಮಡಚಿಟ್ಟು ಪ್ರೆಸ್ಸಿಗೆ ಇಳಿದವನು. ಅಣುವಿಜ್ಞಾನ ಓದಿದವನಲ್ಲ. ಆದರೆ ಮಷಿನ್ ತೊಳೆಯುವುದು ಎಂದರೇನು ಅಂತ ಗೊತ್ತು. ಒಂದೇ ಬಣ್ಣದ ಆಫ್‌ಸೆಟ್ ಮಷಿನ್ನಿನಲ್ಲಿ ಕಪ್ಪು ಓಡಿಸಿದ ಮೇಲೆ ಹಳದಿ ಹಾಕಬೇಕು ಅನ್ನಿ. ಸೀಮೆಎಣ್ಣೆ ಹಾಕಿ, ಬನಿಯನ್ ವೇಸ್ಟಿನಲ್ಲಿ ಒರೆಸಿ, ಮತ್ತೆ ತೊಳೆದು, ಮತ್ತೆ ಒರೆಸಿದರೂ ರೋಲರಿನ ಅಂಚಿನಲ್ಲಿ ಅಡಗಿ ಕೂತ ಕಪ್ಪು ಹಳದಿಯನ್ನು ಪಾಚಿ ಬಣ್ಣ ಮಾಡಿಬಿಡುತ್ತದೆ. ಇನ್ನೂ ಒಂದು ಮಾತು. ತೊಳೆದ ಕಪ್ಪು ಎಲ್ಲಿ ಹೋಯಿತು? ಮಾಯವಾಗಲಿಲ್ಲ. ಬಟ್ಟೆಗೆ ಹೋಯಿತು, ತಟ್ಟೆಗೆ ಹೋಯಿತು, ಹುಡುಗನ ಉಗುರಿಗೆ ಹೋಯಿತು.

ವಿಕಿರಣದ ಕೊಳೆನೀರಿನ ಸಂಸ್ಕರಣೆಯೂ ಇಷ್ಟೇ. ಮದ್ದು ಹಾಕಿ ಗಸಿ ಇಳಿಸುತ್ತಾರೆ. ರಾಳದ ಸಣ್ಣ ಮಣಿಗಳ ಮೂಲಕ ಹಾಯಿಸಿ ವಿಷವನ್ನು ಆ ಮಣಿಗಳಿಗೆ ಅಂಟಿಸುತ್ತಾರೆ. ಇಲ್ಲವೇ ಕುದಿಸಿ ನೀರನ್ನು ಆವಿ ಮಾಡಿ ಗಟ್ಟಿಯನ್ನು ಉಳಿಸಿಕೊಳ್ಳುತ್ತಾರೆ. ಸಾಧು ನೀರಿನ ಗಸಿಯನ್ನು ಸಿಮೆಂಟಿನಲ್ಲಿ ಕಟ್ಟುತ್ತಾರೆ, ಉಗ್ರವಾದದ್ದನ್ನು ಗಾಜಿನೊಳಗೆ ಕರಗಿಸಿ ಹೆಪ್ಪುಗಟ್ಟಿಸುತ್ತಾರೆ. ಯಾವ ದಾರಿಯಲ್ಲೂ ವಿಕಿರಣ ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ಸೀಸಿಯಂ-137ರ ಶಕ್ತಿ ಅರ್ಧಕ್ಕಿಳಿಯಲು 30 ವರ್ಷ ಬೇಕು. ಅಲ್ಲಿಯವರೆಗೆ ನೀರಿನಲ್ಲಿ ಇದ್ದದ್ದು ಫಿಲ್ಟರಿನಲ್ಲಿ ಇರುತ್ತದೆ, ಪೈಪಿನ ಒಳಗೋಡೆಯಲ್ಲಿ ಇರುತ್ತದೆ, ನೆಲ ಒರೆಸಿದ ಬಟ್ಟೆಯಲ್ಲಿ, ಕೈಗವಸಿನಲ್ಲಿ ಇರುತ್ತದೆ. ಮುಟ್ಟಿದರೆ ಮೈಲಿಗೆ ಎನ್ನುವುದು ಮನುಷ್ಯರ ವಿಷಯದಲ್ಲಿ ನಮ್ಮವರು ಕಟ್ಟಿದ ನೀಚ ಸುಳ್ಳು. ಈ ನೀರಿನ ವಿಷಯದಲ್ಲಿ ಮಾತ್ರ ಅದು ಅಕ್ಷರಶಃ ನಿಜ. ಹಾಗಾಗಿ ನೀರು ಶುದ್ಧವಾಗುತ್ತಾ ಹೋದಹಾಗೆ ಅದನ್ನು ಶುದ್ಧ ಮಾಡುವ ಯಂತ್ರ ಹೆಚ್ಚು ಹೆಚ್ಚು ಅಪಾಯದ್ದಾಗುತ್ತದೆ. ಅದನ್ನು ತೊಳೆಯಲು, ಬಿಚ್ಚಲು, ಫಿಲ್ಟರ್ ಬದಲಿಸಲು ಕೈ ಹಾಕುವ ಗಳಿಗೆಯೇ ಗಂಡಾಂತರದ ಗಳಿಗೆ.

ಕಲ್ಪಾಕ್ಕಂ ಹಳೇ ಕತೆ, ನಮ್ಮವರು ಹಾಗೇ, ಶಿಸ್ತಿನ ದೇಶಗಳಲ್ಲಿ ಹೀಗಾಗುವುದಿಲ್ಲ ಎನ್ನುವವರು ಇದ್ದಾರೆ. ಅವರಿಗಾಗಿ ಜಪಾನಿನ ಫುಕುಶಿಮಾ. 2011ರ ಮಾರ್ಚ್‌ನಲ್ಲಿ ಸುನಾಮಿ ಬಂದು ರಿಯಾಕ್ಟರುಗಳು ಕರಗಿದ್ದು ಎಲ್ಲರಿಗೂ ಗೊತ್ತು. ಕರಗಿದ ಇಂಧನವನ್ನು ತಣ್ಣಗಿಡಲು ಸುರಿಯುವ ನೀರು ಕೊಳೆನೀರಾಗಿ, ಒಳಗೆ ಜಿನುಗುವ ಅಂತರ್ಜಲವೂ ಅದಕ್ಕೆ ಸೇರಿ, ಸಾವಿರಕ್ಕೂ ಹೆಚ್ಚು ಟ್ಯಾಂಕುಗಳು ತುಂಬಿಕೊಂಡವು. ಈ ನೀರಿನಿಂದ 62 ಬಗೆಯ ವಿಕಿರಣ ವಸ್ತುಗಳನ್ನು ಸೋಸುವುದಕ್ಕೆಂದೇ ಆಲ್ಪ್ಸ್ ಎಂಬ ದೊಡ್ಡ ಯಂತ್ರವ್ಯವಸ್ಥೆ ಕಟ್ಟಿದರು.

ಆ ಯಂತ್ರದ ಜಾತಕ ನೋಡಿ. 2013ರ ಅಕ್ಟೋಬರ್‌ನಲ್ಲಿ, ಈ ಆಲ್ಪ್ಸ್‌ಗೂ ಹಿಂದಿನ ಹಂತವಾದ ಉಪ್ಪು ತೆಗೆಯುವ ಘಟಕದಲ್ಲಿ ಕೆಲಸಗಾರರು ಬಿಚ್ಚಬಾರದ ಪೈಪು ಬಿಚ್ಚಿ ಆರು ಮಂದಿಯ ಮೈಮೇಲೆ ಕೊಳೆನೀರು ಎರಚಿತು. 2014ರ ಮಾರ್ಚ್‌ನಲ್ಲಿ ಆಲ್ಪ್ಸ್‌ನದೇ ಫಿಲ್ಟರ್ ಕೈಕೊಟ್ಟಿತು. ಕಾರಣ ಏನೆಂದುಕೊಂಡಿರಿ? ಅದರೊಳಗಿನ ಟೆಫ್ಲಾನ್ ಪ್ಯಾಕಿಂಗು ವಿಕಿರಣ ತಿಂದು ತಿಂದು ಪುಡಿಯಾಗುವ ಹಾಗಾಗಿತ್ತು! ಆಮೇಲೆ ವಿಕಿರಣ ತಾಳಿಕೊಳ್ಳುವ ಬೇರೆ ರಬ್ಬರು ಹಾಕಿದರು. ಹಳೇ ಬ್ಲ್ಯಾಂಕೆಟ್ಟು, ಗಟ್ಟಿಯಾದ ರೋಲರು ನೋಡಿದ ಯಾವ ಪ್ರಿಂಟರಿಗೂ ಇದು ಆಶ್ಚರ್ಯದ ವಿಷಯವಲ್ಲ. ಆದರೆ ಅಲ್ಲಿ ಪ್ಯಾಕಿಂಗು ಹೋದದ್ದರಿಂದ ಸೋಸದ ನೀರು ಮುಂದೆ ಹರಿದು, ಮೊದಲೇ ಸೋಸಿ ತುಂಬಿಟ್ಟಿದ್ದ ನೀರಿನ ಟ್ಯಾಂಕುಗಳಿಗೂ ಸೇರಿ ಎಲ್ಲವನ್ನೂ ಕೆಡಿಸಿತು. ಟ್ಯಾಂಕಿಗೆ ಟ್ಯಾಂಕು ಪೈಪಿನಲ್ಲಿ ಕೂಡಿಕೊಂಡಿದ್ದವು. ಅದೇ ಏಪ್ರಿಲ್‌ನಲ್ಲಿ ಚಾಲೂ ಮಾಡಬಾರದ ಪಂಪುಗಳು ಚಾಲೂ ಆಗಿ ಸುಮಾರು 200 ಟನ್ ಕೊಳೆನೀರು ಹೋಗಬಾರದ ಕಟ್ಟಡದ ನೆಲಮಾಳಿಗೆಗೆ ಹೋಯಿತು. ಟ್ಯಾಂಕುಗಳಲ್ಲಿ ಸೋಸಿ ಇಟ್ಟಿದ್ದೇವೆ ಎಂದು ಹೇಳುತ್ತಾ ಬಂದ ನೀರಿನ ಹೆಚ್ಚುಪಾಲು ಹೊರಬಿಡುವ ಮಿತಿಗಿಂತ ಮೇಲಿದೆ ಎಂದು 2018ರಲ್ಲಿ ಆ ಕಂಪನಿಯೇ ಒಪ್ಪಬೇಕಾಯಿತು.

ಅದನ್ನು ಮತ್ತೆ ಸೋಸಿ, ಸಮುದ್ರದ ನೀರು ಬೆರೆಸಿ, 2023ರ ಆಗಸ್ಟ್ 24ರಿಂದ ಪೆಸಿಫಿಕ್ ಸಾಗರಕ್ಕೆ ಬಿಡತೊಡಗಿದರು. ಜಗತ್ತೆಲ್ಲ ಕಣ್ಣಿಟ್ಟು ನೋಡುತ್ತಿತ್ತು. ಕಂಪನಿ ಮೈಯೆಲ್ಲ ಕಣ್ಣಾಗಿರಬೇಕಾದ ಕಾಲ. ಎರಡೇ ತಿಂಗಳಿಗೆ, ಅಕ್ಟೋಬರ್ 25ರಂದು, ಆಲ್ಪ್ಸ್‌ನ ಪೈಪುಗಳನ್ನು ನೈಟ್ರಿಕ್ ಆಸಿಡ್ ಹಾಕಿ ತೊಳೆಯುತ್ತಿದ್ದರು. ತೊಳೆದ ನೀರು ಒಂದು ಟ್ಯಾಂಕಿಗೆ ಹೋಗಲಿ ಎಂದು ಹೋಸ್ ಪೈಪು ಇಳಿಬಿಟ್ಟಿದ್ದರು. ಒಳಗೆ ಕಟ್ಟಿದ್ದ ಸುಣ್ಣದಂಥ ಗಸಿಗೂ ಆಸಿಡ್‌ಗೂ ಕೂಡಿ ಗ್ಯಾಸ್ ಎದ್ದಿತು, ಒತ್ತಡಕ್ಕೆ ಪೈಪು ಎಗರಿತು, ನೀರು ಕೆಲಸಗಾರರ ಮೇಲೆ ಚಿಮ್ಮಿತು. ಮುಖಕ್ಕೆ ಮುಸುಕು ಇತ್ತು. ಆದರೆ ಆಸ್ಪತ್ರೆ ಸೇರಬೇಕಾದ ಇಬ್ಬರು ನೀರು ಒಳಗಿಳಿಯದ ಮೇಲಂಗಿ ತೊಟ್ಟಿರಲಿಲ್ಲ. ಚೆಲ್ಲಿದ್ದು ಸುಮಾರು 100 ಮಿಲಿಲೀಟರ್ ಎಂದರು ಮೊದಲು, ಅಂದರೆ ಅರ್ಧ ಲೋಟ ಕಾಫಿಯಷ್ಟು. ಆಮೇಲೆ ಹಲವು ಲೀಟರ್ ಎಂದರು. ಅವರೆಲ್ಲ ಗುತ್ತಿಗೆಯ ಕೆಳಗಿನ ಗುತ್ತಿಗೆಯ ಕೆಲಸಗಾರರು ಎನ್ನುವುದನ್ನು ಬೇರೆ ಹೇಳಬೇಕೆ?

ಅಷ್ಟಕ್ಕೂ ಮುಗಿಯಲಿಲ್ಲ. 2024ರ ಫೆಬ್ರವರಿ 7ರಂದು ಸೀಸಿಯಂ ಹೀರುವ ಇನ್ನೊಂದು ಘಟಕವನ್ನು ತೊಳೆಯುವಾಗ, ಮುಚ್ಚಿರಬೇಕಾದ 16 ವಾಲ್ವ್‌ಗಳಲ್ಲಿ 10 ತೆರೆದೇ ಇದ್ದವು. ಗಾಳಿ ಹೋಗಲು ಇಟ್ಟಿದ್ದ ಗೋಡೆಯ ಕಿಂಡಿಯಿಂದ ಕೊಳೆನೀರು ಹೊರಗೆ ಸುರಿದು ಮಣ್ಣಿಗೆ ಇಳಿಯಿತು. ಹದಿನಾರರಲ್ಲಿ ಹತ್ತು! ಇದು ಕೈತಪ್ಪಲ್ಲ, ವ್ಯವಸ್ಥೆಯ ತಪ್ಪು. ಒಬ್ಬ ಕೆಲಸಗಾರ ಒಂದು ವಾಲ್ವ್ ಮರೆತರೆ ಅವನನ್ನು ಬೈಯಬಹುದು. ಹತ್ತು ತೆರೆದಿದ್ದರೆ, ತೊಳೆಯುವ ಮುನ್ನ ಅವು ಯಾವ ಸ್ಥಿತಿಯಲ್ಲಿರಬೇಕು ಎನ್ನುವುದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡುವ ಪದ್ಧತಿಯೇ ಕೆಲಸ ಮಾಡಿರಲಿಲ್ಲ ಎಂದರ್ಥ.

ಹಾಗಾದರೆ ತಡೆಯುವುದು ಹೇಗೆ? ನನ್ನ ಮಾತು ಒಂದೇ: ಮನುಷ್ಯ ಮರೆಯುತ್ತಾನೆ, ರಬ್ಬರು ಸವೆಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಾರ್ಖಾನೆ ಕಟ್ಟಬೇಕು. ಉಗ್ರ ನೀರಿಗೂ ಸಾಧು ನೀರಿಗೂ ನಡುವೆ ಒಂದೇ ಒಂದು ವಾಲ್ವ್ ಕಾವಲಿರುವುದೇ ಅಪರಾಧ. ಎರಡು ವಾಲ್ವ್ ಇರಬೇಕು, ಅವುಗಳ ನಡುವೆ ಸೋರಿದ್ದನ್ನು ಹಿಡಿದು ತೋರಿಸುವ ಕಿಂಡಿ ಇರಬೇಕು. ಮೊದಲನೆಯದು ಸೋತರೆ ಆ ಕಿಂಡಿಯಲ್ಲಿ ಹನಿ ಕಾಣುತ್ತದೆ, ಎರಡನೆಯದು ಅಷ್ಟುಹೊತ್ತು ಕಾಯುತ್ತದೆ. ಇನ್ನೂ ಉತ್ತಮ ಎಂದರೆ ನಡುವಿನ ಪೈಪಿನ ತುಂಡನ್ನೇ ಬಿಚ್ಚಿ ಬೀಗ ಹಾಕಿ ಇಡುವುದು. ಇಲ್ಲದ ಪೈಪಿನಲ್ಲಿ ಯಾವ ನೀರೂ ಹರಿಯುವುದಿಲ್ಲ. ಮೀಟರ್ ಇರಬೇಕಾದದ್ದು ಪ್ರಯೋಗಶಾಲೆಯಲ್ಲಿ ಅಲ್ಲ, ಪೈಪಿನ ಮೇಲೇ. ಮನುಷ್ಯನ ಕೈ ಸ್ಯಾಂಪಲ್ ಬಾಟಲಿಯನ್ನು ಮುಟ್ಟುವ ಮೊದಲೇ ಅದು ಕೂಗಬೇಕು. ಅಂಥದ್ದೊಂದು ಮೀಟರ್ ಕಲ್ಪಾಕ್ಕಂನಲ್ಲಿ ಇದ್ದಿದ್ದರೆ ಆ ಆರು ಮಂದಿ ಹಿಂದಕ್ಕೆ ಓಡಿಬರುತ್ತಿದ್ದರು.

ಟ್ಯಾಂಕಿನ ಸುತ್ತ ಕಟ್ಟೆ ಬೇಕು, ಟ್ಯಾಂಕು ಪೂರಾ ಒಡೆದರೂ ಅಷ್ಟೂ ನೀರು ಅದರೊಳಗೇ ನಿಲ್ಲುವಷ್ಟು ಎತ್ತರದ್ದು. ಉಗ್ರ ನೀರಿನ ಪೈಪಿಗೆ ಹೊರಗೊಂದು ಪೈಪಿನ ಅಂಗಿ ಬೇಕು. ಕೋಣೆಯ ಗಾಳಿಯ ಒತ್ತಡ ಹೊರಗಿಗಿಂತ ಒಳಗೆ ಕಡಿಮೆ ಇರಬೇಕು, ಆಗ ಸಂದಿಯಿದ್ದರೂ ಗಾಳಿ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುವುದಿಲ್ಲ. ಸೋಸಿದ ನೀರನ್ನು ನೇರವಾಗಿ ಹೊಳೆಗೆ ಬಿಡುವುದಲ್ಲ. ಒಂದು ಟ್ಯಾಂಕಿನಲ್ಲಿ ನಿಲ್ಲಿಸಿ, ಆ ಟ್ಯಾಂಕಿಗೆ ಬೇರೆ ನೀರು ಬಾರದ ಹಾಗೆ ಬಂದ್ ಮಾಡಿ, ಚೆನ್ನಾಗಿ ಕಲಕಿ, ಸ್ಯಾಂಪಲ್ ನೋಡಿ, ಆಮೇಲೆ ಬಿಡುವುದು. ಪ್ರೂಫ್ ನೋಡದೆ ಮಷಿನ್ನಿಗೆ ಪ್ಲೇಟು ಏರಿಸುವ ಪ್ರಿಂಟರ್ ಉಂಟೇ? ಕಲಕುವುದು ಯಾಕೆಂದರೆ ಗಸಿ ತಳದಲ್ಲಿ ಕೂತಿರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಮೊಗೆದು ಎಲ್ಲ ಚೆನ್ನಾಗಿದೆ ಎನ್ನುವುದು ಸಾಂಬಾರಿನ ತಿಳಿ ಕುಡಿದು ಉಪ್ಪು ಹೇಳಿದ ಹಾಗೆ.

ಇವೆಲ್ಲ ಅಣು ವಿಜ್ಞಾನಿಗಳಿಗೆ ಗೊತ್ತಿಲ್ಲದ ಸಂಗತಿಗಳಲ್ಲ. ಅವರ ಪುಸ್ತಕಗಳಲ್ಲೇ ಇವೆ. ಆದರೆ ಎರಡನೇ ವಾಲ್ವಿಗೆ ದುಡ್ಡು ಬೇಕು, ಮೀಟರಿಗೆ ದುಡ್ಡು ಬೇಕು, ನಿಂತು ನೋಡುವುದಕ್ಕೆ ಸಮಯ ಬೇಕು. ಮೇಲಂಗಿ ತೊಟ್ಟು ಸೆಕೆಯಲ್ಲಿ ಕೆಲಸ ಮಾಡಿದರೆ ಕೆಲಸ ನಿಧಾನ. ಗುತ್ತಿಗೆದಾರನಿಗೆ ಗಡುವು ಇರುತ್ತದೆ.

ಈಗ ನಮ್ಮ ಮನೆಗೆ ಬರೋಣ. ಕಾರವಾರ ತಾಲ್ಲೂಕಿನ ಕೈಗಾ. ಕಾಳಿ ನದಿಯ ದಂಡೆ, ಕದ್ರಾ ಜಲಾಶಯ. ಶಿವರಾಮ ಕಾರಂತರು ಈ ಸ್ಥಾವರದ ವಿರುದ್ಧ ನಿಂತು, ಪರಿಸರದ ಮಾತು ಹಿಡಿದು 1989ರಲ್ಲಿ ಲೋಕಸಭೆ ಚುನಾವಣೆಗೂ ಸ್ಪರ್ಧಿಸಿ ಸೋತರು. ಇವತ್ತು ಅಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳನ್ನೂ ಅಲ್ಲೇ ಕಟ್ಟುವುದಾಗಿದೆ. ಕೈಗಾದ ಮಂದಿ ಚೆನ್ನಾಗಿ ಓಡಿಸುತ್ತಾರೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲನೇ ಘಟಕ ಒಮ್ಮೆಯೂ ನಿಲ್ಲದೆ 962 ದಿನ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಆದರೆ ಓಡುವುದು ಬೇರೆ, ತೊಳೆಯುವುದು ಬೇರೆ.

ಕೈಗಾದ ರಿಯಾಕ್ಟರುಗಳಲ್ಲಿ ಓಡುವುದು ಭಾರಜಲ. ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣದ ಜಲಜನಕ ಹುಟ್ಟುತ್ತದೆ. ಇದರ ಗುಣ ಏನೆಂದರೆ ಇದು ನೀರಿನಲ್ಲಿ ಬೆರೆತ ಕೊಳೆಯಲ್ಲ, ತಾನೇ ನೀರಾಗಿ ಕೂತ ಕೊಳೆ. ಗಸಿ ಇಳಿಸಿದರೆ ಇಳಿಯುವುದಿಲ್ಲ, ಮಣಿಗಳಿಗೆ ಅಂಟುವುದಿಲ್ಲ. ಫುಕುಶಿಮಾದ ಆಲ್ಪ್ಸ್ ಕೂಡ ಇದರ ಮುಂದೆ ಕೈಚೆಲ್ಲಿತು. ಅದಕ್ಕೇ ಅವರು ಸಮುದ್ರದ ನೀರು ಬೆರೆಸಿ ತೆಳ್ಳಗೆ ಮಾಡಿ ಬಿಡುತ್ತಿರುವುದು. ಹಾಗಾಗಿ ಕೈಗಾದಂಥ ಕಡೆ ಸೋಸುವ ಮಾತಿಗಿಂತ ಸೋರದಂತೆ ಹಿಡಿಯುವ ಮಾತು ದೊಡ್ಡದು.

2009ರ ನವೆಂಬರ್‌ನಲ್ಲಿ ಅದೇ ಆಯಿತು. ನೌಕರರ ಮೂತ್ರಪರೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ಜನರ ಮೈಯಲ್ಲಿ ಟ್ರಿಟಿಯಂ ಹೆಚ್ಚಾಗಿರುವುದು ಕಂಡಿತು. ಹುಡುಕಿಕೊಂಡು ಹೋದರೆ ಮೂಲ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್‌ನಲ್ಲಿ! ಸ್ಯಾಂಪಲ್ಲಿಗೆ ತೆಗೆದ ಭಾರಜಲವನ್ನು ಯಾರೋ, ಹೆಚ್ಚುವರಿ ನೀರು ಹೊರಹೋಗುವ ಕೊಳವೆಯ ಮೂಲಕ ಅದರೊಳಗೆ ಸೇರಿಸಿದ್ದರು. ಕೂಲರಿನ ಮುಚ್ಚಳಕ್ಕೆ ಬೀಗ, ಕೊಳವೆಗೆ ಇಲ್ಲ. ಒಳಗಿನವರದೇ ಕಿಡಿಗೇಡಿತನ ಎಂದರು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್. ವರ್ಷದ ಗೆರೆ ದಾಟಿದವರು ಇಬ್ಬರು ಮಾತ್ರ, ಟ್ರಿಟಿಯಂ ಹತ್ತು ಹನ್ನೆರಡು ದಿನಕ್ಕೆ ಅರ್ಧದಷ್ಟು ಮೂತ್ರದಲ್ಲಿ, ಬೆವರಿನಲ್ಲಿ ಹೊರಹೋಗುತ್ತದೆ ಎಂಬ ಸಮಾಧಾನವೂ ಇತ್ತು. ಇದು ಸಂಸ್ಕರಣೆಯ ತಪ್ಪಲ್ಲ, ಕಿಡಿಗೇಡಿಯ ಕೆಲಸ, ಒಪ್ಪಿದೆ. ಆದರೆ ಸ್ಯಾಂಪಲ್ ಬಾಟಲಿ ಎಷ್ಟು ತೆಗೆದರು, ಎಷ್ಟು ಪರೀಕ್ಷೆಗೆ ಹೋಯಿತು, ಎಷ್ಟು ವಾಪಸ್ ಕೊಳೆನೀರಿನ ಟ್ಯಾಂಕಿಗೆ ಬಿತ್ತು ಎಂಬ ಲೆಕ್ಕ ಬಿಗಿಯಾಗಿದ್ದರೆ ಒಂದು ಬಾಟಲಿ ಕಾಣೆಯಾದದ್ದು ಅವತ್ತೇ ಗೊತ್ತಾಗಬೇಕಿತ್ತು. ನೌಕರರ ಮೂತ್ರ ಬಂದು ಸಾಕ್ಷಿ ಹೇಳುವತನಕ ಕಾಯಬೇಕಿರಲಿಲ್ಲ. ಹಾಗೆ ನೋಡಿದರೆ ಆ ತಪ್ಪದ ಮೂತ್ರಪರೀಕ್ಷೆಯೇ ಅವತ್ತು ಅಲ್ಲಿನ ಜನರನ್ನು ಕಾಪಾಡಿದ್ದು. ಈ ಮೆಚ್ಚುಗೆ ಕೈಗಾಕ್ಕೆ ಸಲ್ಲಬೇಕು.

ಇಲ್ಲಿ ಭಾಷೆಯ ಮಾತು ಬಂದೇ ಬರುತ್ತದೆ. ಇದು ಬೋರ್ಡಿಗೆ ಮಸಿ ಬಳಿಯುವ ವಿಷಯವಲ್ಲ. ಕೊಳೆನೀರಿನ ಘಟಕದಲ್ಲಿ ನೆಲ ಒರೆಸುವವನು, ಪೈಪು ಬಿಚ್ಚುವವನು, ಡ್ರಮ್ಮು ಉರುಳಿಸುವವನು ಹೆಚ್ಚಾಗಿ ಗುತ್ತಿಗೆಯ ಮೇಲೆ ಬಂದವನು. ಅವನು ಅಂಕೋಲದ ಹುಡುಗನಾಗಿರಬಹುದು, ರಾಯಚೂರಿನವನಾಗಿರಬಹುದು, ಬಿಹಾರದವನೂ ಆಗಿರಬಹುದು. ವಾಲ್ವಿನ ಮೇಲಿನ ಚೀಟಿ ಅವನು ಓದುವ ಭಾಷೆಯಲ್ಲಿ ಇರಬೇಕು. ಕನ್ನಡದವನಿಗೆ ಕನ್ನಡ, ಬಿಹಾರದವನಿಗೆ ಹಿಂದಿ. ಕೆಲಸದ ಮೊದಲು ಹೇಳುವ ಎಚ್ಚರಿಕೆ ಅವನಿಗೆ ಅರ್ಥವಾಗಿದೆಯೇ ಎಂದು ಅವನ ಬಾಯಿಂದಲೇ ತಿರುಗಿ ಹೇಳಿಸಬೇಕು. ಇಂಗ್ಲಿಷಿನ ಹತ್ತು ಪುಟಕ್ಕೆ ಅವನ ಸಹಿ ಹಾಕಿಸಿಕೊಂಡರೆ ಅದು ತರಬೇತಿಯಲ್ಲ, ನಾಳೆ ಅವನ ಮೇಲೆ ತಪ್ಪು ಹೊರಿಸಲು ಇವತ್ತೇ ತಯಾರಿಸಿಟ್ಟ ದಾಖಲೆ. ಈ ಮಾತನ್ನು ನಾನು ಐಟಿಐ, ಡಿಪ್ಲೊಮಾ ಓದುತ್ತಿರುವ ಹುಡುಗರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ನಾಳೆ ಆ ಗೇಟಿನೊಳಗೆ ಹೋಗುವವರು ನೀವು. ಫಿಲ್ಟರ್ ಬಿಚ್ಚಲು ಹೇಳಿದಾಗ ಈ ಪೈಪಿನಲ್ಲಿ ಹಿಂದೆ ಏನು ಹರಿದಿತ್ತು, ಒತ್ತಡ ಇಳಿಸಿದ್ದೀರಾ, ವಾಲ್ವ್ ಮುಚ್ಚಿದ್ದನ್ನು ಯಾರು ಕಣ್ಣಾರೆ ನೋಡಿದರು ಎಂದು ಕೇಳಿ. ಉತ್ತರ ಬಾರದಿದ್ದರೆ ಸ್ಪ್ಯಾನರ್ ಕೆಳಗಿಡಿ. ಹಾಗೆ ಕೆಳಗಿಟ್ಟವನ ಕೂಲಿ ಕಟ್ ಆಗಬಾರದು ಎನ್ನುವುದನ್ನು ಗುತ್ತಿಗೆಯ ಕರಾರಿನಲ್ಲೇ ಬರೆಸಬೇಕು. ಕನ್ನಡ ಸಂಘಟನೆಗಳು ಕೆಲಸ ಕೊಡಿ ಎಂದು ಕೇಳುವ ಜೊತೆಗೆ ಇದನ್ನೂ ಕೇಳಲಿ.

ಬೆಂಗಳೂರಿನಲ್ಲಿ ಕೂತವರು ಮಾಡಬಹುದಾದ ಕೆಲಸವೂ ಇದೆ. ಕೈಗಾದಲ್ಲಿ ಸೋಸಿ ತೆಳ್ಳಗೆ ಮಾಡಿದ ಸಾಧು ನೀರು ಸೇರುವುದು ಕದ್ರಾ ಜಲಾಶಯಕ್ಕೆ. ಮಿತಿಯೊಳಗೇ ಬಿಡುತ್ತೇವೆ ಎನ್ನುತ್ತಾರೆ. ಇರಲಿ, ಆ ಅಂಕಿಗಳು ತಿಂಗಳಿಗೊಮ್ಮೆ ಕದ್ರಾ, ಮಲ್ಲಾಪುರದ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ, ಮಿತಿ ಎಷ್ಟು, ಬಿಟ್ಟದ್ದು ಎಷ್ಟು ಎಂದು ಅಕ್ಕಪಕ್ಕದಲ್ಲಿ. 2005ರ ಮಾಹಿತಿ ಹಕ್ಕು ಕಾಯಿದೆ ಕೇಂದ್ರ ಸರ್ಕಾರದ ಅಣುವಿದ್ಯುತ್ ನಿಗಮಕ್ಕೂ ಅನ್ವಯಿಸುತ್ತದೆ. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಬಹುದು ಎಂದು ಅದರ 6ನೇ ಕಲಮು ಹೇಳುತ್ತದೆ. ಕೈಗಾದ ಆಡಳಿತ ಭಾಷೆ ಕನ್ನಡ. ಶುಲ್ಕ 10 ರೂಪಾಯಿ. ಹಿಂದಿನ ಹನ್ನೆರಡು ತಿಂಗಳಲ್ಲಿ ಜಲಾಶಯಕ್ಕೆ ಬಿಟ್ಟ ಟ್ರಿಟಿಯಂ ಎಷ್ಟು, ಕೊಳೆನೀರಿನ ಘಟಕದಲ್ಲಿ ಎಷ್ಟು ಸಲ ಸೋರಿಕೆ ದಾಖಲಾಗಿದೆ, ಅಲ್ಲಿ ದುಡಿದ ಗುತ್ತಿಗೆ ಕೆಲಸಗಾರರಿಗೆ ತರಬೇತಿ ಯಾವ ಭಾಷೆಯಲ್ಲಿ ಕೊಟ್ಟಿರಿ ಎಂದು ಈ ಮೂರು ಪ್ರಶ್ನೆ ಬರೆದು ಕಳಿಸಿ. ಕೊಡುವುದಿಲ್ಲ ಎನ್ನುವುದಾದರೂ 30 ದಿನದೊಳಗೆ ಕಾರಣ ಬರೆದು ತಿಳಿಸಬೇಕು.